ನಾವು ಬರೆದದ್ದನ್ನು ಪತ್ರಿಕೆಗೆ ಕಳಿಸುವುದು ಹೇಗೆ?

 

ಈ ತಿಂಗಳು ನಾನು ಕತೆ ಬರೆದಿಲ್ಲ, ಕವನವನ್ನೂ ಬರೆದಿಲ್ಲ. ನಾವು ಬರೆದ ಕತೆ, ಕವನ, ಲೇಖನಗಳನ್ನು ಅಚ್ಚಾಗುವ ಪತ್ರಿಕೆಗಳಿಗೆ ಹೇಗೆ ಕಳಿಸಬೇಕು ಎಂಬುದನ್ನು ಬರೆದಿದ್ದೇನೆ. ಇದನ್ನು ಬರೆಯಲು ಕಾರಣ ಗೆದ್ದಲು!

ನಿಮಗೆಲ್ಲ ಗೊತ್ತಿರುವ ಹಾಗೆ ನಮ್ಮ ಗೋಡೆ ಪತ್ರಿಕೆಗೆ ಇರುವುದು ಒಂದೇ ಪ್ರತಿ. ತಿಂಗಳ ಕೊನೆಗೆ ಹಾಳೆಗಳನ್ನು ಬಿಚ್ಚಿ ಕಟ್ಟಿಗೆಯ ಕಪಾಟಿನಲ್ಲಿ ಇಡುತ್ತೇವೆ. ಈ ಸಲ ಜೂನ್ ತಿಂಗಳಲ್ಲಿ ಶಾಲೆ ತೆರೆದು ಕಪಾಟಿನ ಬಾಗಿಲು ತೆಗೆದರೆ ಹೋದ ವರ್ಷದ ಹಾಳೆಗಳೆಲ್ಲ ಮಣ್ಣಾಗಿದ್ದವು. ಅದರಲ್ಲಿ ನಮ್ಮ ಜೊತೆ ಆರನೆಯ ತರಗತಿಯಲ್ಲಿದ್ದ ಒಬ್ಬ ಗೆಳತಿಯ ಕವನವೂ ಇತ್ತು. ಅವಳು ಯಾರು ಅಂತ ನಿಮಗೆಲ್ಲ ಗೊತ್ತು, ಆದ್ದರಿಂದ ಹೆಸರು ಬರೆದಿಲ್ಲ. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವವರ ಮನೆಗಳಿಗೆ ಬೀಗ ಬೀಳುತ್ತದಲ್ಲ, ಆ ಬೀಗಗಳ ಮೇಲೆ ಅವಳು ಎಂಟು ಸಾಲು ಬರೆದಿದ್ದಳು. ಬರೆದ ಎರಡು ತಿಂಗಳಿಗೆ ಅವರ ಮನೆಗೂ ಬೀಗ ಬಿತ್ತು. ಅವಳ ಅಪ್ಪ ಅವ್ವ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದರು, ಅವಳೂ ಹೋದಳು. ಕವನದ ನಕಲು ಯಾರ ಹತ್ತಿರವೂ ಇರಲಿಲ್ಲ. ಅದೇ ಕವನ ಯಾವುದಾದರೂ ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ನಮ್ಮ ಊರಿನ ಗೆದ್ದಲು ತಿಂದರೂ ಬೇರೆ ಸಾವಿರ ಊರುಗಳಲ್ಲಿ ಅದು ಇರುತ್ತಿತ್ತು. ಇದು ನನ್ನ ತಲೆಯಲ್ಲಿ ಕುಂತುಬಿಟ್ಟಿತು. ಆಮೇಲೆ ಅಕ್ಕೋರನ್ನು, ಗ್ರಂಥಾಲಯದ ಅಣ್ಣನನ್ನು, ಪೋಸ್ಟ್ ಮಾಸ್ತರರನ್ನು ಕೇಳಿ ಕೇಳಿ ಈ ವಿಷಯಗಳನ್ನು ತಿಳಿದುಕೊಂಡೆ.

ಮೊದಲು ಒಂದು ಸಂತೋಷದ ಸಂಗತಿ ಹೇಳುತ್ತೇನೆ. ಕೈಬರಹ ಅಂದರೆ ಸಣ್ಣದು, ಅಚ್ಚಾಗಿದ್ದೇ ದೊಡ್ಡದು ಅಂತ ನಾವು ತಿಳಿದಿದ್ದೇವೆ. ಆದರೆ ಕನ್ನಡದ ಮೊದಲನೆಯ ಪತ್ರಿಕೆಯೇ ಒಂದು ರೀತಿಯಲ್ಲಿ ಕೈಬರಹದ ಪತ್ರಿಕೆ! ಅದರ ಹೆಸರು ‘ಮಂಗಳೂರ ಸಮಾಚಾರ’. 1843ನೇ ಇಸವಿ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನಿಯ ಪಾದ್ರಿಯವರು ಮಂಗಳೂರಿನಲ್ಲಿ ಅದನ್ನು ಹೊರಡಿಸಿದರು. ಅದನ್ನು ಮೊಳೆ ಜೋಡಿಸಿ ಅಚ್ಚು ಮಾಡಿದ್ದಲ್ಲ, ಕಲ್ಲಚ್ಚಿನಲ್ಲಿ ಮಾಡಿದ್ದು. ಕಲ್ಲಚ್ಚು ಅಂದರೆ ಜಿಡ್ಡಿನ ಮಸಿಯಿಂದ ಕೈಯಲ್ಲಿ ಬರೆದ ಅಕ್ಷರಗಳನ್ನು ನುಣುಪಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲಿಗೆ ನೀರು ಸವರಿ, ಮೇಲೆ ಶಾಯಿ ಹಚ್ಚುವುದು. ನೀರಿಗೂ ಜಿಡ್ಡಿಗೂ ಕೂಡಿಬರುವುದಿಲ್ಲವಲ್ಲ, ಹಾಗಾಗಿ ಶಾಯಿ ಅಕ್ಷರಗಳಿಗೆ ಮಾತ್ರ ಹತ್ತುತ್ತದೆ, ಉಳಿದ ಕಲ್ಲಿಗೆ ಹತ್ತುವುದಿಲ್ಲ. ಆಮೇಲೆ ಕಾಗದ ಇಟ್ಟು ಒತ್ತುವುದು. ಅಂದರೆ ಓದುವವರ ಕೈಗೆ ಹೋದದ್ದು ಯಾರೋ ಕೈಯಲ್ಲಿ ಬರೆದ ಅಕ್ಷರವೇ. ಜುಲೈ 1ನ್ನು ಈಗಲೂ ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ ಎಂದು ಆಚರಿಸುತ್ತಾರೆ.

ಇನ್ನು ಎಲ್ಲಿಗೆ ಕಳಿಸುವುದು? ನಮ್ಮ ಅಜ್ಜನ ಟ್ರಂಕಿನಲ್ಲಿ ಹಳೆಯ ‘ಚಂದಮಾಮ’ಗಳ ಕಟ್ಟು ಇದೆ. ಅದರಲ್ಲಿ ಎರಡು ಫೋಟೋ ಕೊಟ್ಟು ಎರಡಕ್ಕೂ ಹೊಂದುವ ಶೀರ್ಷಿಕೆ ಕೇಳುತ್ತಿದ್ದರು. ಓದುವವರು ಒಂದು ಕಾರ್ಡಿನಲ್ಲಿ ಬರೆದು ಕಳಿಸಿದರೆ ಸಾಕಿತ್ತು. “ಅಲ್ಲಿಗೇ ಕಳಸು, ಚೊಲೋ ಪುಸ್ತಕ” ಅಂತ ಅಜ್ಜ ಹೇಳಿದರು. ಆದರೆ 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂದ ಆ ಪತ್ರಿಕೆ 2013ರಲ್ಲಿ ನಿಂತುಹೋಯಿತು. ಅಜ್ಜನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆದ್ದರಿಂದ ಹಳೆಯ ಪುಸ್ತಕದಲ್ಲಿ ಇರುವ ವಿಳಾಸವನ್ನು ನೋಡಿ ಕಳಿಸಬಾರದು. ಇತ್ತೀಚಿನ ಸಂಚಿಕೆಯನ್ನು ಕೈಯಲ್ಲಿ ಹಿಡಿದು ಅದರಲ್ಲಿರುವ ವಿಳಾಸವನ್ನೇ ಬರೆದುಕೊಳ್ಳಬೇಕು.

ಇತ್ತೀಚಿನ ಸಂಚಿಕೆ ಎಲ್ಲಿ ಸಿಗುತ್ತದೆ ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಬಂದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಮ್ಮ ತರಗತಿಯಲ್ಲಿ ಇನ್ನೂ ಅರ್ಧ ಮಂದಿ ಕಾರ್ಡು ಮಾಡಿಸಿಲ್ಲ, ಯಾಕೋ ಗೊತ್ತಿಲ್ಲ. ಅಲ್ಲಿ ಕುಂತು ದಿನಪತ್ರಿಕೆಗಳನ್ನು ಒಂದು ವಾರ ಪೂರ್ತಿ ನೋಡಬೇಕು. ಮಕ್ಕಳ ಪುಟ ಯಾವ ದಿನ ಬರುತ್ತದೆ, ಅದರಲ್ಲಿ ದೊಡ್ಡವರು ಮಕ್ಕಳಿಗಾಗಿ ಬರೆದದ್ದು ಎಷ್ಟು, ಮಕ್ಕಳೇ ಬರೆದದ್ದು ಎಷ್ಟು ಅಂತ ಎಣಿಸಬೇಕು. ಇದು ಮುಖ್ಯ. ಕೆಲವು ಪುಟಗಳ ಹೆಸರಿನಲ್ಲಿ ಮಾತ್ರ ಮಕ್ಕಳಿದ್ದಾರೆ, ಬರೆಯುವವರೆಲ್ಲ ನಿವೃತ್ತರಾದ ಹಿರಿಯರು! ಅಂಥ ಪುಟಕ್ಕೆ ನಾವು ಕಳಿಸಿದರೆ ಜಾಗ ಸಿಗುವುದು ಕಷ್ಟ. ‘ಪ್ರಜಾವಾಣಿ’ 1948ರಿಂದ ಬರುತ್ತಿದೆ. ‘ಸುಧಾ’ 1965ರಲ್ಲಿ, ‘ತರಂಗ’ 1983ರಲ್ಲಿ ಶುರುವಾದ ವಾರಪತ್ರಿಕೆಗಳು. ‘ತುಂತುರು’ ಎಂಬುದು ಮಣಿಪಾಲದವರು ಮಕ್ಕಳಿಗಾಗಿಯೇ ತಂದ ಪತ್ರಿಕೆ. ವಿಜ್ಞಾನದಲ್ಲಿ ಆಸಕ್ತಿ ಇದ್ದವರಿಗೆ ‘ಬಾಲವಿಜ್ಞಾನ’ ಇದೆ. ಇದು 1978ರಲ್ಲಿ ಶುರುವಾದ ಮಾಸಪತ್ರಿಕೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹೊರಡಿಸುತ್ತದೆ. ಎಲ್ಲ ಪತ್ರಿಕೆಗೂ ಎಲ್ಲವೂ ಹೊಂದುವುದಿಲ್ಲ. ವಿಜ್ಞಾನ ಪತ್ರಿಕೆಗೆ ರಾಜಕುಮಾರಿಯ ಕತೆ ಕಳಿಸಿದರೆ ಸಂಪಾದಕರು ಏನು ಮಾಡಿಯಾರು, ಪಾಪ!

ಬರೆಯುವ ರೀತಿಯ ಬಗ್ಗೆ ಹೇಳುತ್ತೇನೆ. ಹಾಳೆಯ ಒಂದೇ ಮಗ್ಗುಲಿನಲ್ಲಿ ಬರೆಯಬೇಕು ಎಂದು ಎಲ್ಲ ಪತ್ರಿಕೆಯವರೂ ಹೇಳುತ್ತಾರೆ. ಇದು ಯಾಕೆ ಎಂದು ನನಗೆ ಮೊದಲು ತಿಳಿದಿರಲಿಲ್ಲ, ಹಾಳೆ ಸುಮ್ಮನೆ ಹಾಳಾಗುತ್ತದಲ್ಲ ಅನಿಸುತ್ತಿತ್ತು. ಹಿಂದೆ ಮೊಳೆ ಜೋಡಿಸುವವರು ಹಾಳೆಯನ್ನು ಎದುರಿಗೆ ಸಿಕ್ಕಿಸಿಕೊಂಡು ಅಕ್ಷರ ಜೋಡಿಸುತ್ತಿದ್ದರಂತೆ. ಎರಡೂ ಕಡೆ ಬರೆದರೆ ಹಿಂದಿನ ಮಗ್ಗುಲು ಮರೆತುಹೋಗುವ ಭಯ. ಒಂದು ಹಾಳೆಯನ್ನು ಒಬ್ಬರು, ಇನ್ನೊಂದನ್ನು ಇನ್ನೊಬ್ಬರು ಜೋಡಿಸಲೂ ಆಗುವುದಿಲ್ಲ. ಈಗ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ, ಆದರೂ ಪೆನ್ನಿನ ಇಂಕು ಆ ಕಡೆ ಮೂಡಿದರೆ ಓದುವವರ ಕಣ್ಣಿಗೆ ತೊಂದರೆ. ಎಡಗಡೆ ಎರಡು ಬೆರಳು ಜಾಗ ಬಿಡಬೇಕು, ಸಂಪಾದಕರು ತಿದ್ದುವುದು ಅಲ್ಲೇ. ಹೂ ಬಳ್ಳಿ ಬಿಡಿಸಿ, ಸ್ಕೆಚ್ ಪೆನ್ನಿನಿಂದ ಅಂಚು ಕಟ್ಟುವುದು ನಮ್ಮ ಗೋಡೆ ಪತ್ರಿಕೆಗೆ ಚೆಂದ, ಅಲ್ಲಿಗೆ ಬೇಡ. ಪ್ರತಿ ಹಾಳೆಯ ಮೇಲೂ ಹೆಸರು ಮತ್ತು ಹಾಳೆಯ ಸಂಖ್ಯೆ ಇರಲಿ.

ಈಗ ಬಹಳ ಪತ್ರಿಕೆಗಳು ಇ-ಮೇಲ್ ವಿಳಾಸವನ್ನೂ ಕೊಡುತ್ತವೆ. ಅಕ್ಕೋರ ಮೊಬೈಲಿನಿಂದ ಕಳಿಸಬಹುದು. ಆದರೆ ಬರೆದ ಹಾಳೆಯ ಫೋಟೋ ತೆಗೆದು ಕಳಿಸುವುದಕ್ಕಿಂತ ಟೈಪ್ ಮಾಡಿ ಕಳಿಸುವುದು ಒಳ್ಳೆಯದು, ಯಾಕಂದರೆ ಅವರು ಮತ್ತೆ ಟೈಪ್ ಮಾಡಬೇಕಾಗುವುದಿಲ್ಲ. ಮೊಬೈಲಿನ ಕನ್ನಡ ಕೀಬೋರ್ಡಿನಲ್ಲಿ ಬರುವುದು ಯೂನಿಕೋಡ್ ಅಕ್ಷರ. ಅದು ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ನಮ್ಮ ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಫಾಂಟಿನಲ್ಲಿ ಹೊಡೆದರೆ ಆ ಕಡೆ ವಿಚಿತ್ರ ಚಿಹ್ನೆಗಳಾಗಿ ಕಾಣಬಹುದು ಎಂದು ಸರ್ ಹೇಳಿದರು.

ಒಂದು ಸಲ ಬರೆದದ್ದನ್ನೇ ಕಳಿಸಬೇಡಿ ಎಂದು ಅಕ್ಕೋರು ಯಾವಾಗಲೂ ಹೇಳುತ್ತಾರೆ. ನನಗೆ ಅದು ಬೇಸರದ ಮಾತು. ಆದರೆ ಅವರು ಆನ್ ಫ್ರಾಂಕ್ ಎಂಬ ಹುಡುಗಿಯ ವಿಷಯ ಹೇಳಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅವಳು ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮಿನಲ್ಲಿ ಇದ್ದ ಯಹೂದಿ ಹುಡುಗಿ. 1942ರ ಜೂನ್ 12ರಂದು ಅವಳಿಗೆ ಹದಿಮೂರು ವರ್ಷ ತುಂಬಿದಾಗ ಒಂದು ಡೈರಿ ಉಡುಗೊರೆಯಾಗಿ ಸಿಕ್ಕಿತು. ನನಗೂ ಈಗ ಹದಿಮೂರು. ಮುಂದಿನ ತಿಂಗಳೇ ಅವಳ ಮನೆಯವರು ಹಿಟ್ಲರನ ಕಡೆಯವರಿಗೆ ಹೆದರಿ ಒಂದು ಕಟ್ಟಡದ ಹಿಂಭಾಗದಲ್ಲಿ ಅಡಗಿಕೊಂಡರು. ಎರಡು ವರ್ಷ ಹೊರಗೆ ಬರಲಿಲ್ಲ. ಅಲ್ಲಿ ಅವಳು ಬರೆಯುತ್ತಲೇ ಇದ್ದಳು. 1944ರ ಮಾರ್ಚ್ 28ರಂದು ಲಂಡನ್ನಿನಿಂದ ಬರುವ ರೇಡಿಯೋದಲ್ಲಿ ಅವರ ದೇಶದ ಮಂತ್ರಿಯೊಬ್ಬರು, ಜನ ಯುದ್ಧಕಾಲದಲ್ಲಿ ಬರೆದ ಡೈರಿ, ಪತ್ರಗಳನ್ನು ಮುಂದೆ ಸಂಗ್ರಹಿಸಬೇಕು ಎಂದು ಹೇಳಿದರು. ಅದನ್ನು ಕೇಳಿ ಅವಳು ತನ್ನ ಡೈರಿಯನ್ನೇ ಪುಸ್ತಕವಾಗುವ ಹಾಗೆ ಬಿಡಿ ಹಾಳೆಗಳಲ್ಲಿ ಮೊದಲಿನಿಂದ ತಿದ್ದಿ ಬರೆಯತೊಡಗಿದಳು. ಕೆಲವು ಭಾಗ ತೆಗೆದಳು, ಕೆಲವು ಸೇರಿಸಿದಳು, ಮನೆಯವರ ಹೆಸರು ಬದಲಿಸಿದಳು. ಆಗಸ್ಟ್ 4ರಂದು ಅವರನ್ನೆಲ್ಲ ಹಿಡಿದುಕೊಂಡು ಹೋದರು. ಮುಂದಿನ ವರ್ಷ ಅವಳು ಸೆರೆ ಶಿಬಿರದಲ್ಲಿ ತೀರಿಕೊಂಡಳು. ಅವರಿಗೆ ಸಹಾಯ ಮಾಡುತ್ತಿದ್ದ ಹೆಂಗಸರು ನೆಲದ ಮೇಲೆ ಬಿದ್ದಿದ್ದ ಹಾಳೆಗಳನ್ನು ಆಯ್ದು ಜೋಪಾನವಾಗಿ ಇಟ್ಟಿದ್ದರು. ಉಳಿದುಬಂದ ಅವಳ ತಂದೆ 1947ರಲ್ಲಿ ಅದನ್ನು ಪುಸ್ತಕ ಮಾಡಿದರು. ಸಾಯುವ ಭಯದಲ್ಲಿ ಇದ್ದವಳೇ ಎರಡನೆಯ ಸಲ ಬರೆದಿದ್ದಾಳೆ. ನಮಗೇನು ಧಾಡಿ?

ಬರಹದ ಜೊತೆ ಸಂಪಾದಕರಿಗೆ ಒಂದು ಸಣ್ಣ ಪತ್ರ ಇರಬೇಕು. ಉದ್ದ ಬೇಡ. ನಾನು ಬರೆದದ್ದು ಹೀಗಿದೆ: “ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ಇದರ ಜೊತೆ ಒಂದು ಕವನವನ್ನು ಕಳಿಸಿದ್ದೇವೆ. ಇದು ಸ್ವಂತ ರಚನೆ. ಬೇರೆ ಯಾವ ಪತ್ರಿಕೆಯಲ್ಲೂ ಅಚ್ಚಾಗಿಲ್ಲ, ಬೇರೆ ಕಡೆ ಕಳಿಸಿಲ್ಲ. ನಮ್ಮ ಶಾಲೆಯ ಗೋಡೆ ಪತ್ರಿಕೆಯಲ್ಲಿ ಒಂದು ತಿಂಗಳು ಇತ್ತು.” ಗೋಡೆಯ ಮೇಲೆ ಇದ್ದದ್ದು ಅಚ್ಚಾದಂತೆ ಅಲ್ಲ, ಆದರೂ ಹೇಳಿಬಿಡುವುದು ವಾಸಿ. ಆಮೇಲೆ ಹೆಸರು, ತರಗತಿ, ಶಾಲೆಯ ವಿಳಾಸ. ಮನೆಯ ವಿಳಾಸ, ಅಪ್ಪನ ಮೊಬೈಲ್ ನಂಬರು ಪತ್ರದಲ್ಲಿ ಇರಲಿ, ಬರಹದ ಕೆಳಗೆ ಬರೆಯಬೇಡಿ. ಅಲ್ಲಿ ಬರೆದರೆ ಅದೂ ಅಚ್ಚಾಗಿ ಯಾರ್ಯಾರೋ ಫೋನು ಮಾಡುತ್ತಾರೆ.

ಒಂದೇ ಕವನವನ್ನು ಒಂದೇ ಸಲ ನಾಲ್ಕು ಪತ್ರಿಕೆಗೆ ಕಳಿಸಬಾರದು. ಎರಡು ಕಡೆ ಬಂದುಬಿಟ್ಟರೆ ಎರಡೂ ಕಡೆ ಹೆಸರು ಕೆಡುತ್ತದೆ. ಬೇರೆಯವರ ಪದ್ಯವನ್ನು ನಕಲು ಮಾಡಿ ಕಳಿಸುವುದಂತೂ ಕಳ್ಳತನ. ಆದರೆ ಅಜ್ಜಿ ಹೇಳಿದ ಒಗಟು, ಬೀಸುವ ಕಲ್ಲಿನ ಹಾಡು ಇಂಥವನ್ನು ‘ಸಂಗ್ರಹ’ ಎಂದು ಬರೆದು, ಹೇಳಿದವರ ಹೆಸರು ಹಾಕಿ ಕಳಿಸಬಹುದು.

ಅಂಚೆಯ ವಿಷಯದಲ್ಲಿ ನಮ್ಮೂರಿನ ಪೋಸ್ಟ್ ಮಾಸ್ತರ ಕಾಕಾ ಬಹಳ ಸಹಾಯ ಮಾಡಿದರು. ಸಾದಾ ಲಕೋಟೆ 20 ಗ್ರಾಮಿನ ತನಕ 5 ರೂಪಾಯಿ. ನಾನು ಕುತೂಹಲಕ್ಕೆ ಕೇಳಿದೆ, ಎಷ್ಟು ಹಾಳೆ ಹಿಡಿಯುತ್ತದೆ ಅಂತ. ಕಾಕಾ ಮೂರು ಹಾಳೆ ಮಡಚಿ ಲಕೋಟೆಯಲ್ಲಿ ಇಟ್ಟು ತೂಗಿ ತೋರಿಸಿದರು, 18 ಗ್ರಾಂ ಆಯಿತು. ನಾಲ್ಕನೆಯ ಹಾಳೆ ಹಾಕಿದರೆ 20 ದಾಟುತ್ತದೆ, ಆಗ ಇನ್ನೂ 5 ರೂಪಾಯಿಯ ಚೀಟಿ ಹಚ್ಚಬೇಕು. ಕಡಿಮೆ ಹಚ್ಚಿದರೆ ಪತ್ರಿಕೆಯವರ ಹತ್ತಿರ ದಂಡ ಕೇಳುತ್ತಾರೆ. ದಂಡ ಕೊಟ್ಟು ನಮ್ಮ ಕವನ ಯಾರು ಬಿಡಿಸಿಕೊಳ್ಳುತ್ತಾರೆ? ಸಾದಾ ಅಂಚೆಯೇ ಸಾಕು, ಸ್ಪೀಡ್ ಪೋಸ್ಟ್ ಮಾಡಿದರೆ ಕವನ ಬೇಗ ಅಚ್ಚಾಗುವುದಿಲ್ಲ. ರಿಜಿಸ್ಟರ್ ಮಾಡಿಸು ಅಂತ ಮನೆಯಲ್ಲಿ ಹೇಳಬಹುದು, ಆದರೆ 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿಬಿಟ್ಟಿದ್ದಾರೆ. ಪಿನ್ ಕೋಡ್ ಮರೆಯಬೇಡಿ. 1972ರ ಆಗಸ್ಟ್ 15ರಂದು ಶುರುವಾದ ಈ ಆರು ಅಂಕಿಗಳಲ್ಲಿ ಮೊದಲನೆಯದು ದೇಶದ ಭಾಗವನ್ನು ಹೇಳುತ್ತದೆ. ನಮ್ಮ ಕರ್ನಾಟಕದ ಪಿನ್‌ಗಳೆಲ್ಲ 56ರಿಂದ 59ರ ಒಳಗೆ ಶುರುವಾಗುತ್ತವೆ, ಬೆಂಗಳೂರಿನದು 560.

ಕಳಿಸಿದ ಮೇಲೆ ಕಾಯಬೇಕು. ಇದೇ ಎಲ್ಲಕ್ಕಿಂತ ಕಷ್ಟ. ಬೇಡವಾದ ಬರಹಕ್ಕೆ ಬಹಳ ಪತ್ರಿಕೆಯವರು ಉತ್ತರವನ್ನೇ ಬರೆಯುವುದಿಲ್ಲ, ಹಾಳೆಯೂ ತಿರುಗಿ ಬರುವುದಿಲ್ಲ. ಅದಕ್ಕೇ ನಕಲು ನಮ್ಮ ಹತ್ತಿರ ಇರಲೇಬೇಕು, ಅದೂ ಕಟ್ಟಿಗೆಯ ಕಪಾಟಿನಲ್ಲಿ ಅಲ್ಲ. ಹಬ್ಬದ ಮೇಲೆ ಬರೆದದ್ದನ್ನು ಹಬ್ಬದ ವಾರ ಕಳಿಸಿದರೆ ಪ್ರಯೋಜನವಿಲ್ಲ, ಎರಡು ತಿಂಗಳು ಮೊದಲೇ ಕಳಿಸಬೇಕು. ದೀಪಾವಳಿ ಬಗ್ಗೆ ಬರೆಯುವವರು ಶ್ರಾವಣದಲ್ಲೇ ಪಟಾಕಿ ನೆನಪು ಮಾಡಿಕೊಳ್ಳಬೇಕು!

ಈಗ ಹಣದ ವಿಷಯ. ಇದನ್ನು ಎಚ್ಚರದಿಂದ ಓದಿ. ನಮ್ಮ ದೊಡ್ಡಪ್ಪನ ಮಗ ಪಿಯುಸಿ ಓದುತ್ತಾನೆ, ಕವನ ಬರೆಯುತ್ತಾನೆ. ಅವನ ಮೊಬೈಲಿಗೆ ಒಂದು ಸಂದೇಶ ಬಂತು. ನಿಮ್ಮ ಕವನ ಆಯ್ಕೆಯಾಗಿದೆ, ಸಂಕಲನದಲ್ಲಿ ಹಾಕುತ್ತೇವೆ, 600 ರೂಪಾಯಿ ಕಳಿಸಿ, ಪ್ರಶಸ್ತಿ ಪತ್ರವನ್ನೂ ಕೊಡುತ್ತೇವೆ, ಪುಸ್ತಕಕ್ಕೆ ಐಎಸ್‌ಬಿಎನ್ ನಂಬರು ಇರುತ್ತದೆ ಅಂತ. ಅಣ್ಣ ಶೇಂಗಾ ಬಿಡಿಸಿ ಬಂದ ಕೂಲಿ ದುಡ್ಡನ್ನು ಕಳಿಸಿದ. ಪ್ರಶಸ್ತಿ ಪತ್ರ ಮೊಬೈಲಿಗೆ ಫೋಟೋ ಆಗಿ ಬಂತು, ಅದರಲ್ಲಿ ಅವನ ಹೆಸರಿಗೆ ಒತ್ತಕ್ಷರ ತಪ್ಪಿತ್ತು. ಪುಸ್ತಕ ಬರಲೇ ಇಲ್ಲ. ದೊಡ್ಡವ್ವ ಆ ದುಡ್ಡಿನ ವಿಷಯ ತೆಗೆದಾಗಲೆಲ್ಲ ಅಣ್ಣ ಎದ್ದು ಹೊರಗೆ ಹೋಗುತ್ತಾನೆ. ಬರೆಯುವುದನ್ನೂ ಬಿಟ್ಟಿದ್ದಾನೆ, ಇದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಒಳ್ಳೆಯ ಪತ್ರಿಕೆ ನಮ್ಮ ಬರಹ ಹಾಕಲು ನಮ್ಮಿಂದ ದುಡ್ಡು ಕೇಳುವುದಿಲ್ಲ. ಕೊಟ್ಟರೆ ಅವರೇ ಗೌರವ ಪ್ರತಿ ಅಥವಾ ಸ್ವಲ್ಪ ಸಂಭಾವನೆ ಕೊಡುತ್ತಾರೆ. ಐಎಸ್‌ಬಿಎನ್ ಅಂದರೆ ಪುಸ್ತಕವನ್ನು ಗುರುತಿಸುವ 13 ಅಂಕಿಗಳ ಸಂಖ್ಯೆ. ನಮ್ಮ ದೇಶದಲ್ಲಿ ಅದನ್ನು ಸರ್ಕಾರದ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅದು ಬಹುಮಾನವೇನೂ ಅಲ್ಲ. ನಿಜವಾಗಿ ಮೊದಲ ಪುಸ್ತಕ ಮಾಡುವ ಆಸೆ ಇದ್ದವರಿಗೆ ಕನ್ನಡ ಪುಸ್ತಕ ಪ್ರಾಧಿಕಾರದವರು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತಾರೆ, ಆದರೆ 18 ವರ್ಷ ತುಂಬಬೇಕು. ಅಣ್ಣನಿಗೆ ಮುಂದಿನ ವರ್ಷ ತುಂಬುತ್ತದೆ. ಹೇಳಿದ್ದೇನೆ, ಇನ್ನೂ ಹೂಂ ಅಂದಿಲ್ಲ.

ಹದಿನೆಂಟರ ವಿಷಯ ಬಂದದ್ದರಿಂದ ಕಾನೂನನ್ನೂ ಹೇಳಿಬಿಡುತ್ತೇನೆ. ನಾವು ಬರೆದದ್ದರ ಹಕ್ಕು ನಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರೆದವರೇ ಮೊದಲ ಒಡೆಯರು, ವಯಸ್ಸು ಎಷ್ಟೇ ಇರಲಿ. ಬರೆದವರು ಬದುಕಿರುವ ತನಕ, ಆಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಆದರೆ 18 ತುಂಬದವರು ಒಪ್ಪಂದಕ್ಕೆ ಸಹಿ ಹಾಕಿದರೆ ಅದು ನಡೆಯುವುದಿಲ್ಲ. ಪುಸ್ತಕದ ಕರಾರುಪತ್ರ ಇದ್ದರೆ ಅಪ್ಪ ಅಥವಾ ಅವ್ವ ಸಹಿ ಹಾಕಬೇಕು.

ಈ ಕಾನೂನಿನಿಂದ ನಮ್ಮ ತರಗತಿಯಲ್ಲಿ ಒಂದು ಜಗಳ ಬಗೆಹರಿಯಿತು. ಗೆದ್ದಲು ತಿಂದ ಕವನವನ್ನು ನಾವು ಐದು ಮಂದಿ ಕೂಡಿ ನೆನಪು ಮಾಡಿಕೊಂಡೆವು. ಆರು ಸಾಲು ಸಿಕ್ಕವು, ಎರಡು ಸಿಗಲಿಲ್ಲ. ಆ ಎರಡನ್ನು ನಾವೇ ಕಟ್ಟಿ, ‘ಏಳನೆಯ ತರಗತಿ ಮಕ್ಕಳು’ ಎಂದು ಹೆಸರು ಹಾಕಿ ಕಳಿಸೋಣ ಅಂತ ಕೆಲವರು ಹೇಳಿದರು. ಅವಳು ಈಗ ನಮ್ಮ ಶಾಲೆಯಲ್ಲಿ ಇಲ್ಲವಲ್ಲ ಎಂಬುದು ಅವರ ವಾದ. ನಾನು ಒಪ್ಪಲಿಲ್ಲ. ಊರು ಬಿಟ್ಟರೆ ಮನೆಗೆ ಬೀಗ ಬೀಳುತ್ತದೆ, ಮನೆ ಬೇರೆಯವರದ್ದಾಗುತ್ತದೇನು? ಸರ್ ಕೂಡ ಕೃತಿಸ್ವಾಮ್ಯದ ಮಾತು ಹೇಳಿ, ಅವಳನ್ನೇ ಕೇಳಬೇಕು ಅಂದರು. ಅವಳ ಅಪ್ಪನ ನಂಬರು ಅವಳ ಅಜ್ಜಿಯ ಹತ್ತಿರ ಇತ್ತು. ಭಾನುವಾರ ಅಕ್ಕೋರ ಮೊಬೈಲಿನಿಂದ ಮಾಡಿದೆವು. ಹಿಂದೆ ಕಾಂಕ್ರೀಟು ಕಲಸುವ ಮಷೀನಿನ ಸಪ್ಪಳ ಇತ್ತು. ಅವಳು ಎಂಟೂ ಸಾಲು ತಡೆಯದೆ ಹೇಳಿದಳು. ನಾವು ನೆನಪು ಮಾಡಿಕೊಂಡ ಆರರಲ್ಲಿ ಎರಡು ತಪ್ಪಿದ್ದವು. “ಹಂಗಲ್ಲ, ನಾ ಬರದಿದ್ದು ಬ್ಯಾರೆ” ಅಂತ ನಕ್ಕಳು. ಆಮೇಲೆ ಸ್ವಲ್ಪ ತಡೆದು, ಕೊನೆಯ ಸಾಲು ಬದಲಿಸುತ್ತೇನೆ, ಈಗ ಅದು ಸುಳ್ಳು ಅನಿಸುತ್ತದೆ ಅಂದಳು. ಹೊಸ ಸಾಲನ್ನು ಅಕ್ಕೋರು ಬರೆದುಕೊಂಡರು. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ, ಅಚ್ಚಾದರೆ ಓದುವಿರಂತೆ. ಅವಳ ಅಪ್ಪನೂ ಕಳಿಸಿರಿ ಅಂದರು. ಅಲ್ಲಿ ಶಾಲೆಗೆ ಹೋಗುತ್ತೀಯಾ ಅಂತ ಅಕ್ಕೋರು ಕೇಳಿದಾಗ ಮಾತ್ರ ಉತ್ತರ ಸರಿಯಾಗಿ ಕೇಳಿಸಲಿಲ್ಲ.

ಹೋದ ಸೋಮವಾರ ಕವನ ಡಬ್ಬಿಗೆ ಬಿತ್ತು. ಕೆಳಗೆ ಅವಳ ಹೆಸರೇ ಇದೆ. ವಿಳಾಸಕ್ಕೆ ಮಾತ್ರ ತೊಂದರೆಯಾಯಿತು, ಯಾಕಂದರೆ ಅವರು ಇರುವುದು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅದಕ್ಕೆ ಮನೆ ನಂಬರಿಲ್ಲ, ಕೆಲಸ ಮುಗಿದರೆ ಬೇರೆ ಕಡೆ ಹೋಗುತ್ತಾರೆ. ಆದ್ದರಿಂದ ಮುಖ್ಯಗುರುಗಳ ಮೂಲಕ ಎಂದು ನಮ್ಮ ಶಾಲೆಯ ವಿಳಾಸವನ್ನೇ ಕೊಟ್ಟಿದ್ದೇವೆ. ಗೌರವ ಪ್ರತಿ ಬಂದರೆ ಇಲ್ಲಿಗೇ ಬರುತ್ತದೆ. ನಕಲು ಮೂರು ಮಾಡಿದ್ದೇವೆ. ಒಂದು ಅವಳ ಅಜ್ಜಿಯ ಹತ್ತಿರ, ಒಂದು ಗ್ರಂಥಾಲಯದಲ್ಲಿ, ಒಂದು ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಇದೆ.

ಅಕ್ಕೋರ ಮೇಜಿನ ಖಾನೆಯಲ್ಲಿ ಚೀಟಿ ಹಚ್ಚಿದ ಲಕೋಟೆ ಇನ್ನೂ ನಾಲ್ಕು ಉಳಿದಿವೆ. ಕಳಿಸುವವರು ಶನಿವಾರದ ಒಳಗೆ ಕೊಡಿ. ಹಾಳೆ ಮೂರಕ್ಕಿಂತ ಹೆಚ್ಚಾದರೆ ಐದು ರೂಪಾಯಿ ನಿಮ್ಮದು.

ನಿಮ್ಮ ಸಹಪಾಠಿ,
7ನೇ ತರಗತಿ